ನೀರು ಹದಕ್ಕೆ ಬರುವ ಮುನ್ನ

ಎಲೆಯ ತುಂಡೊಂದು ಹೆಬ್ಬೆರಳಿಗೆ ಅಂಟಿಕೊಂಡಿತ್ತು. ಹಸಿರು ಪೂರ್ತಿ ಹೋಗಿ ನರಗಳಷ್ಟೇ ಉಳಿದಿದ್ದವು. ಎಣ್ಣೆ ಬಿದ್ದ ಕಾಗದದಂತೆ ಅದರೊಳಗಿಂದ ನನ್ನ ಬೆರಳಿನ ಗೆರೆಗಳು ಕಾಣುತ್ತಿದ್ದವು. ತೊಳೆದುಕೊಳ್ಳುವ ಮೊದಲು, ಯಾಕೋ, ಮೂಗಿನ ಹತ್ತಿರ ತಂದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕೆರೆಯಂಚಿನ ವಾಸನೆ. ಕೊಳೆತದ್ದು ಎನ್ನಲಾಗದ, ಒಳ್ಳೆಯದು ಎಂದೂ ಹೇಳಲಾಗದ ವಾಸನೆ...

ಚಿತ್ರದುರ್ಗದಲ್ಲಿ, ಚಂದ್ರವಳ್ಳಿಗೆ ಹೋಗುವ ರಸ್ತೆಯ ಬಾಡಿಗೆ ಮನೆಯೊಂದರಲ್ಲಿ ನಾನೊಬ್ಬಳೇ ಇದ್ದೇನೆ. ಈ ವರ್ಷ ಒಂದು ಗಾಜಿನ ಮೀನಿನ ತೊಟ್ಟಿ ತಂದೆ. ಮರಳು ಹಾಸಿ, ನೀರು ತುಂಬಿ, ಸ್ಪಂಜಿನ ಫಿಲ್ಟರ್ ಇಟ್ಟು, ಮೀನು ಬಿಡುವುದಕ್ಕೆ ಬಹಳ ಮೊದಲೇ ಜೀವಂತ ಗಿಡಗಳನ್ನು ನೆಟ್ಟೆ. ಮೊದಲ ವಾರದಲ್ಲೇ ಅವುಗಳ ಎಲೆ ಕರಗತೊಡಗಿತು. ಕರಗುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ನನಗೆ ಹೇಳಿಕೊಟ್ಟವರು ಹಿರಿಯೂರಿನ ನಮ್ಮ ಮನೆಯಲ್ಲಿ ಒಂದು ವರ್ಷವೂ ಪೂರ್ತಿ ಇರದೆ ಹೋದ ಒಬ್ಬ ಹೆಂಗಸು. ಅವರನ್ನು ನಾನು ಚಿಕ್ಕಮ್ಮ ಎನ್ನುತ್ತಿದ್ದೆ. ಅಪ್ಪನ ಎರಡನೆಯ ಹೆಂಡತಿ.

ಅಮ್ಮ ಕಾಮಾಲೆಯಿಂದ ತೀರಿಕೊಂಡಾಗ ನಾನು ಐದನೆಯ ತರಗತಿಯಲ್ಲಿದ್ದೆ. ಅಪ್ಪ ಹತ್ತಿರದ ಬಬ್ಬೂರು ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದರು. ಹೊಸದುರ್ಗದ ಹಳ್ಳಿಯೊಂದರಲ್ಲಿದ್ದ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ತಮ್ಮ ಮನೆ ಮಕ್ಕಳನ್ನು ಸೊಸೆಗೆ ಬಿಟ್ಟು ಬಂದು ನಮ್ಮನ್ನು ನೋಡಿಕೊಂಡರು. ನನ್ನ ತಲೆ ಬಾಚಿದವರು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವರು ಅವರೇ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದನ್ನು ಓದಿ ಯಾರೂ ಅವರನ್ನು ಕೆಟ್ಟವರೆಂದು ತಿಳಿಯುವುದು ನನಗೆ ಇಷ್ಟವಿಲ್ಲ. ಆ ದಿನಗಳಲ್ಲಿ ನಾನು ಮಾತಾಡುವುದನ್ನು ಬಹುತೇಕ ನಿಲ್ಲಿಸಿಬಿಟ್ಟಿದ್ದೆ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ, ಅಷ್ಟೆ. ‘ಹೆಣ್ಣು ಮಗ, ತಾಯಿ ಇಲ್ದಂಗೆ ಬೆಳೀಬಾರ್ದು’ ಎಂದು ಹಟ ಹಿಡಿದು ಅಪ್ಪನಿಗೆ ಇನ್ನೊಂದು ಮದುವೆ ಮಾಡಿಸಿದವರೂ ಅತ್ತೆಯೇ.

ಚಿಕ್ಕಮ್ಮ ಹೊಳಲ್ಕೆರೆಯವರು. ಅಲ್ಲಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದರು. ಮದುವೆಗೆ ಆ ಕೆಲಸ ಬಿಟ್ಟು ಬಂದರು. ಬಂದ ಮನೆಯಲ್ಲಿ ಪ್ರತಿಯೊಂದು ಕೊಡದ ಕಂಠದ ಮೇಲೆ, ಪ್ರತಿಯೊಂದು ತಟ್ಟೆಯ ಅಂಚಿನಲ್ಲಿ ನನ್ನ ಅಮ್ಮನ ಹೆಸರು ಕೊರೆದಿತ್ತು. ಅನ್ನ ಬಡಿಸಿಕೊಳ್ಳುವಾಗ ಅವರು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದುದನ್ನು ನಾನು ನೋಡಿದ್ದೇನೆ.

ಅಮ್ಮನದು ಒಳ್ಳೆಯ ಕೈಗುಣ ಎಂದು ಬೀದಿಯಲ್ಲೆಲ್ಲ ಹೆಸರಿತ್ತು. ಅಕ್ಕಪಕ್ಕದವರು ಕರಿಬೇವಿನ ಸಸಿ ತಂದರೆ ಅಮ್ಮನನ್ನು ಕರೆದು ನೆಡಿಸುತ್ತಿದ್ದರು. ಚಿಕ್ಕಮ್ಮ ಬಂದ ಬೇಸಿಗೆಯಲ್ಲೇ ಅಮ್ಮನ ಮಲ್ಲಿಗೆ ಬಳ್ಳಿ ಒಣಗಿತು. ಆ ಬೇಸಿಗೆ ಬೀದಿಯ ಮಲ್ಲಿಗೆ ಬಳ್ಳಿಗಳೆಲ್ಲ ಒಣಗಿದ್ದವು. ಆದರೂ ಅತ್ತೆ ಹಿತ್ತಲಲ್ಲಿ ನಿಂತು, ಅಮ್ಮನನ್ನು ನೆನೆದು, ‘ನಮ್ಮ ಹುಡುಗಿ ಒಣಕಡ್ಡಿ ಊರಿದ್ರೂ ಚಿಗುರ್ತಿತ್ತು ಕಣಮ್ಮಾ. ಕೈಗುಣ ಅನ್ನೋದು ಕಾಲೇಜಾಗೆ ಸಿಗಲ್ಲ ಬಿಡು’ ಎಂದು ನಕ್ಕರು. ಚಿಕ್ಕಮ್ಮನೂ ನಕ್ಕರು. ಆಮೇಲೆ ಹಿತ್ತಲಿನ ಗಿಡಗಳಿಗೆ ನೀರು ಹಾಕುವುದನ್ನು ನನಗೆ ಬಿಟ್ಟರು.

ಹೊಸದಾಗಿ ಮದುವೆಯಾದವರೆಂದು ಆಷಾಢದಲ್ಲಿ ಅವರನ್ನು ತವರಿಗೆ ಕಳಿಸಿದರು. ಶ್ರಾವಣಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಂದು ಗಾಜಿನ ತೊಟ್ಟಿ ತಂದಿದ್ದರು. ಕಾಲೇಜಿನ ಲ್ಯಾಬಿನವರು ಬೇಡವೆಂದು ಮೂಲೆಗಿಟ್ಟಿದ್ದ ಹಳೆಯ ತೊಟ್ಟಿ. ಅದರೊಳಗೆ ಒದ್ದೆ ಪತ್ರಿಕೆಯಲ್ಲಿ ಸುತ್ತಿದ, ರಿಬ್ಬನ್ನಿನಂಥ ಉದ್ದ ಎಲೆಯ ಕೆರೆಗಿಡಗಳು.

ಅಪ್ಪ ಬಾಗಿಲಲ್ಲೇ ನಿಂತು, ‘ಊರಾಗೆ ಹೊಲದ ಕಳೆ ಕೀಳಾಕೆ ಆಳು ಸಿಗ್ತಿಲ್ಲ. ನಮ್ಮನ್ಯಾಗೆ ಕಳೆ ನೆಡ್ತಾರಂತೆ!’ ಎಂದು ನಕ್ಕರು.

‘ನೆಡ್ತೀನಿ. ಈ ಮನೇಲಿ ನನ್ ಕೈಲಿ ನೆಟ್ಟಿದ್ದು ಒಂದಾದ್ರೂ ಬದುಕ್ಲಿ ಅಂತ’ ಎಂದರು ಚಿಕ್ಕಮ್ಮ. ನಗುತ್ತಲೇ ಹೇಳಿದರು. ಅಪ್ಪನ ನಗು ಮಾತ್ರ ಅಲ್ಲಿಗೆ ನಿಂತಿತು.

ನಡುಮನೆಯ ಕಿಟಕಿಯ ಪಕ್ಕ ತೊಟ್ಟಿ ಕೂತಿತು. ಗಿಡ ನೆಡಲು ಅವರು ನನ್ನನ್ನು ಕರೆದರು. ಬೇರು ಮಾತ್ರ ಮರಳಿನೊಳಗೆ ಹೋಗಬೇಕು, ಬೇರೂ ಎಲೆಯೂ ಕೂಡುವ ಬಿಳಿಯ ಜಾಗ, ಅದನ್ನವರು ಕುತ್ತಿಗೆ ಎನ್ನುತ್ತಿದ್ದರು, ಹೊರಗೇ ಇರಬೇಕು. ‘ಕುತ್ತಿಗೆ ಹೂತ್ರೆ ಉಸಿರು ಕಟ್ಟಿ ಕೊಳೀತೈತೆ’ ಎಂದು ನನ್ನ ಬೆರಳು ಹಿಡಿದು ಮರಳಿನಲ್ಲಿ ಗುಂಡಿ ತೋಡಿಸಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲಿರಬೇಕು.

ಮೀನು ಎಲ್ಲಿ ಎಂದು ಬಂದವರೆಲ್ಲ ಕೇಳುತ್ತಿದ್ದರು. ಅವರಿಗೆಲ್ಲ ಚಿಕ್ಕಮ್ಮ ಒಂದೇ ಉತ್ತರ ಕೊಡುತ್ತಿದ್ದರು: ‘ನೀರು ಇನ್ನೂ ಹದಕ್ಕೆ ಬಂದಿಲ್ಲ.’ ನನಗೆ ಮಾತ್ರ ಬಿಡಿಸಿ ಹೇಳಿದರು. ಹೊಸ ನೀರು ನೋಡಲು ಎಷ್ಟೇ ತಿಳಿಯಾಗಿರಲಿ, ಮೀನಿಗೆ ಅದು ಮನೆಯಲ್ಲ. ಮೀನಿನ ಹೊಲಸು, ಉಳಿದ ಆಹಾರ, ಕೊಳೆತ ಎಲೆ, ಎಲ್ಲವೂ ನೀರಿನಲ್ಲಿ ಅಮೋನಿಯಾ ಎಂಬ ವಿಷವಾಗುತ್ತದೆ. ಆ ವಿಷವನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಾಣುಗಳು ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ, ಗಾಜಿನ ಮೇಲೆ ತಾವಾಗಿ ಬಂದು ನೆಲೆಸಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯತನಕ ಗಿಡಗಳು ಕೈಲಾದಷ್ಟು ವಿಷ ಹೀರಿಕೊಂಡಿರುತ್ತವೆ.

ಸ್ವಲ್ಪ ದಿನಕ್ಕೆ ಎಲೆಗಳು ಕರಗತೊಡಗಿದವು. ನಾನು ಹೆದರಿ ಅವರ ಸೆರಗು ಎಳೆದು ತೋರಿಸಿದೆ. ಅವರು ಒಂದು ಎಲೆ ಕಿತ್ತು ನನ್ನ ಅಂಗೈ ಮೇಲಿಟ್ಟರು.

‘ಇದು ಕೆರೆ ನೀರಿನ ಎಲೆ. ಈ ನೀರಿಗೆ ಆಗಲ್ಲ. ಈ ನೀರಿಗೆ ಬೇರೆ ಎಲೆನೇ ಬರ್ಬೇಕು. ಬೇರು ಗಟ್ಟಿ ಇದ್ರೆ ಬರುತ್ತೆ. ಅಲ್ಲಿ ತನಕ ನೋಡಾಕೆ ಚೆನ್ನಾಗಿರಲ್ಲ, ತಡಕೋಬೇಕು.’

ನೋಡಲು ಚೆನ್ನಾಗಿರಲಿಲ್ಲ. ಗಾಜಿನ ಮೇಲೆ, ಮರಳಿನ ಮೇಲೆ ಕಂದು ಪೊರೆ ಕಟ್ಟಿತು. ವಾಸನೆಯಿತ್ತು. ಲ್ಯಾಬಿನಿಂದ ತಂದಿದ್ದ ಪುಟ್ಟ ಬಾಟಲಿಯಿಂದ ಅವರು ಒಂದೆರಡು ಹನಿ ಬಿಟ್ಟರೆ ಲೋಟದಲ್ಲಿ ತೆಗೆದ ತೊಟ್ಟಿಯ ನೀರು ಹಳದಿಯಾಗುತ್ತಿತ್ತು. ಹಳದಿ ಗಾಢವಾದಷ್ಟೂ ವಿಷ ಹೆಚ್ಚು. ಶಾಲೆಯಿಂದ ಬಂದ ಕೂಡಲೇ ನಾನು ಅವರ ಜೊತೆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಭಾದ್ರಪದ ಕಳೆಯುವ ಹೊತ್ತಿಗೆ ಹಳದಿ ತಿಳಿಯಾಗುತ್ತ ಬಂತು. ಒಂದು ಸಂಜೆ, ಕರಗಿ ಬೋಳಾಗಿದ್ದ ಗಿಡವೊಂದರ ನಡುವಿನಿಂದ ಸೂಜಿಯಂಥ ಹಸಿರೊಂದು ಎದ್ದಿತ್ತು.

‘ಚಿಕ್ಕಮ್ಮಾ, ಬಂತು’ ಎಂದೆ.

ಅವರು ಅಡಿಗೆಮನೆಯಿಂದ ಓಡಿ ಬಂದರು. ಮೊದಲು ನೋಡಿದ್ದು ಗಿಡವನ್ನಲ್ಲ, ನನ್ನ ಮುಖವನ್ನು. ಅಪ್ಪನಿಗೆ ಆ ಸಂಜೆ ಹೇಳಿದರು, ‘ನಿಮ್ಮ ಮಗಳು ಇವತ್ತು ಕೂಗಿ ಕರೆದ್ಲು.’ ದಸರಾ ಕಳೆದ ಮೇಲೆ ನೀರನ್ನು ಇನ್ನೊಮ್ಮೆ ನೋಡಿ ಮೀನು ತರುವುದೆಂದೂ, ಯಾವ ಮೀನು ಎಂಬುದನ್ನು ನಾನೇ ಹೇಳಬೇಕೆಂದೂ ತೀರ್ಮಾನವಾಯಿತು.

ಬೇಸಿಗೆ ಕಳೆದ ಮೇಲೆ ಹೊಸದುರ್ಗಕ್ಕೆ ಮರಳಿದ್ದ ಅತ್ತೆ, ಮಾರ್ನೋಮಿ, ಅಂದರೆ ಮಹಾನವಮಿ ಹಬ್ಬಕ್ಕೆ ಮೊದಲು ಊರಿನಿಂದ ಬಂದರು. ನಮ್ಮ ಕಡೆ ಆ ಹಬ್ಬಕ್ಕೆ ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತುವೇ ಇಲ್ಲ. ಕಂಬಳಿ, ಹಾಸಿಗೆ, ಅಟ್ಟದ ಮೇಲಿನ ಪಾತ್ರೆ, ಎಲ್ಲವೂ ಅಂಗಳಕ್ಕೆ ಬರುತ್ತವೆ. ಮನೆಯ ಸಾಮಾನೆಲ್ಲ ಅಂಗಳಕ್ಕೆ ಬಂದ ಆ ದಿನ ಬೆಳಿಗ್ಗೆ, ಚಿಕ್ಕಮ್ಮ ತೊಟ್ಟಿಯಲ್ಲಿ ಕೈಯಿಟ್ಟು ಕರಗಿದ ಎಲೆಗಳನ್ನು ತೆಗೆಯುತ್ತಿದ್ದವರು ಥಟ್ಟನೆ ಎದ್ದು ಹಿತ್ತಲಿಗೆ ಹೋದರು. ಮುಟ್ಟಾಗಿದ್ದರು. ಅತ್ತೆ ಇಲ್ಲದಾಗ ನಮ್ಮ ಮನೆಯಲ್ಲಿ ಆ ಮೈಲಿಗೆಯನ್ನು ಯಾರೂ ನೋಡುತ್ತಿರಲಿಲ್ಲ. ಅತ್ತೆ ಇದ್ದರು, ಮೇಲಾಗಿ ಹಬ್ಬ. ಚಿಕ್ಕಮ್ಮ ಹಿತ್ತಲ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತರು.

ಅತ್ತೆ ತೊಟ್ಟಿಯ ಮುಂದೆ ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸಿದರು. ‘ಬೆಳಿಗ್ಗೆ ಇದ್ರಾಗೆ ಕೈ ಅದ್ದಿದ್ಲಲ್ಲ? ಹಂಗಾದ್ರೆ ಈ ನೀರು ಮನ್ಯಾಗಿರಂಗಿಲ್ಲ. ಆಯುಧಪೂಜೆ ಬಂತು.’

ಹಿತ್ತಲ ಬಾಗಿಲಿನಿಂದ ಚಿಕ್ಕಮ್ಮನ ದನಿ ಬಂತು. ‘ಅಕ್ಕಾ, ಬೇರೆ ಎಲ್ಲಾ ತೊಳೀರಿ. ಅದೊಂದು ಬಿಡ್ರಿ. ಆ ನೀರು ಹದಕ್ಕೆ ಬರ್ಲಿ ಅಂತ ಶ್ರಾವಣದಿಂದ ಕಾದೀನಿ.’

‘ಯಾವ ಹದನೇ ತಾಯಿ? ಗಾಜಿಗೆಲ್ಲ ಕಂದು ಹಿಡ್ದೈತೆ. ಎಮ್ಮೆ ಬಿದ್ದೆದ್ದ ಹೊಂಡ ಇದ್ದಂಗೈತೆ.’

‘ಆ ಕಂದೇ ಬೇಕು ಅಕ್ಕ.’

‘ಕೊಳೇನೇ ಬೇಕು ಅನ್ನೋರನ್ನ ಇವತ್ತೇ ನೋಡಿದ್ದು ನಾನು!’ ಎಂದು ಅತ್ತೆ ನಕ್ಕರು. ಅದರಲ್ಲಿ ಕುಹಕವಿರಲಿಲ್ಲ. ಅವರಿಗೆ ನಿಜಕ್ಕೂ ತಮಾಷೆಯೆನಿಸಿತ್ತು.

ಚಿಕ್ಕಮ್ಮ ಹೊಸ್ತಿಲಿನ ಆಚೆ, ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. ಒಳಗೊಂದು ಹೆಜ್ಜೆ ಇಟ್ಟಿದ್ದರೆ ತೊಳೆದ ಮನೆಯನ್ನೆಲ್ಲ ಮತ್ತೆ ತೊಳೆಯಬೇಕಾಗುತ್ತಿತ್ತು. ಅಪ್ಪ ಕೆಲಸಕ್ಕೆ ಹೋಗಿದ್ದರು. ನಾನು ತೊಟ್ಟಿಗೆ ಅಡ್ಡವಾಗಿ ನಿಂತೆ. ‘ಸರ್ಕಾ ಮಗಾ, ಗಾಜು ಗೀಜು ಕೈಗೆ ತಗುಲೀತು’ ಎಂದು ಅತ್ತೆ ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ಹಿತ್ತಲ ಬಾಗಿಲಿನ ಕಡೆ ನೋಡಿದೆ. ಚಿಕ್ಕಮ್ಮನ ಒಂದು ಕಾಲು ಹೊಸ್ತಿಲಿನ ಮೇಲಿತ್ತು. ಅದು ಅಲ್ಲೇ ಇದ್ದು, ಹಿಂದಕ್ಕೆ ಸರಿಯಿತು.

ನೀರನ್ನು ತೆಂಗಿನ ಬುಡಕ್ಕೆ ಹೊಯ್ದರು. ಮರಳನ್ನು ಬಕೆಟ್ಟಿಗೆ ಹಾಕಿ ಕುದಿನೀರು ಸುರಿದರು. ಸ್ಪಂಜನ್ನು ಸೀಗೆಪುಡಿ ಹಾಕಿ, ಕಂದು ನೀರು ಬರುವುದು ನಿಲ್ಲುವ ತನಕ ಹಿಂಡಿದರು. ಗಾಜು ಕನ್ನಡಿಯಂತಾಯಿತು. ಗಿಡಗಳನ್ನು ಅವರು ಬಿಸಾಡಲಿಲ್ಲ, ಅಷ್ಟರ ಮಟ್ಟಿಗೆ ಚಿಕ್ಕಮ್ಮನ ಮಾತು ಉಳಿಸಿದರು. ನಲ್ಲಿಯಲ್ಲಿ ಒಂದೊಂದನ್ನೇ ತಿಕ್ಕಿ, ಹೊಸದುರ್ಗದ ಹೊಲದಲ್ಲಿ ಈರುಳ್ಳಿ ಸಸಿ ನಾಟಿ ಮಾಡಿದ ಕೈಯಿಂದ, ಸಾಲು ಹಿಡಿದು, ಕುತ್ತಿಗೆ ಮುಚ್ಚುವ ತನಕ ಒತ್ತಿ ನೆಟ್ಟರು. ನಲ್ಲಿಯ ಹೊಸ ನೀರು ತುಂಬಿದರು. ‘ಈಗ ನೋಡು, ಹೆಂಗೈತೆ’ ಎಂದು ನನ್ನನ್ನು ಕರೆದು ತೋರಿಸಿದರು. ನಿಜ ಹೇಳಬೇಕೆಂದರೆ, ಅದು ಅಷ್ಟು ಚೆನ್ನಾಗಿ ಹಿಂದೆಂದೂ ಕಂಡಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚಿಕ್ಕಮ್ಮ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರೇನೋ. ಆದರೆ ಹಬ್ಬದ ಮನೆಯಲ್ಲಿ ಬರಿಯ ನೀರು ಇಟ್ಟುಕೊಂಡು ಕೂರಬಾರದೆಂದು ಅತ್ತೆ ಅಪ್ಪನನ್ನು ಚಿತ್ರದುರ್ಗಕ್ಕೆ ಅಟ್ಟಿದರು. ‘ಮಗ ಎಷ್ಟು ದಿನದಿಂದ ಆಸೆ ಇಟ್ಕಂಡೈತೆ. ಕಳೆ ನೋಡ್ಕಂಡು ಕುಂತಿರ್ಬೇಕಾ?’ ಅಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಚಿನ್ನದ ಬಣ್ಣದ ಮೀನುಗಳನ್ನು ತಂದರು. ಆಯುಧಪೂಜೆಯ ದಿನ ಗಾಜಿಗೆ ವಿಭೂತಿ, ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಮೀನು ಬಿಟ್ಟರು. ಚಿಕ್ಕಮ್ಮ ಇನ್ನೂ ಜಗಲಿಯಲ್ಲೇ ಇದ್ದರು. ನಾನು ಹೋಗಿ ಹೇಳಿದಾಗ ಕಣ್ಣು ಮುಚ್ಚಿಕೊಂಡು, ‘ಊಟ ಹಾಕ್ಬೇಡ್ರಿ ಅಂತ ಹೇಳು. ಏನೂ ಹಾಕ್ಬಾರ್ದು’ ಎಂದರು.

ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಉಸಿರಿಗೆ ಒದ್ದಾಡುತ್ತಿದ್ದವು ಎಂದು ಈಗ ಗೊತ್ತಿದೆ. ‘ನೋಡೇ, ಬಾಯಿ ಬಿಟ್ಕಂಡು ಬರ್ತಾವೆ, ಹಸ್ಕಂಡವೆ ಪಾಪ’ ಎಂದು ಅತ್ತೆ ಅಂಗೈಯಲ್ಲಿ ಮಂಡಕ್ಕಿ ಪುಡಿ ಮಾಡಿ ಉದುರಿಸಿದರು. ಮನೆಗೆ ಬಂದವರಿಗೂ ಮಂಡಕ್ಕಿ, ಮೀನಿಗೂ ಮಂಡಕ್ಕಿ. ನಾನು ಬೇಡವೆಂದು ತಲೆಯಾಡಿಸಿದೆ. ‘ನಿನಗೂ ಬೇಕೇನೇ?’ ಎಂದು ನನ್ನ ಕೈಗೂ ಒಂದು ಹಿಡಿ ಹಾಕಿದರು...

ವಿಜಯದಶಮಿಯ ಬೆಳಿಗ್ಗೆ ಚಿಕ್ಕಮ್ಮ ತಲೆಗೆ ಸ್ನಾನ ಮಾಡಿ ಒಳಗೆ ಬಂದವರು, ಕೂದಲು ಒರೆಸಿಕೊಳ್ಳದೆ ತೊಟ್ಟಿಯ ಹತ್ತಿರ ಹೋದರು. ನೀರು ಮಂಜಾಗಿತ್ತು. ಉಬ್ಬಿದ ಮಂಡಕ್ಕಿಯನ್ನು ಬಾಚಿ ತೆಗೆದರು, ಅರ್ಧ ನೀರು ಹೊರಗೆ ಹಾಕಿದರು, ಹಿತ್ತಲ ಸಿಮೆಂಟು ತೊಟ್ಟಿಯಲ್ಲಿ ನಿಂತಿದ್ದ ನೀರನ್ನು ನಿಧಾನವಾಗಿ ಸುರಿದರು. ಮೊಣಕೈ ತನಕ ತೋಯ್ದು, ಒಂದೊಂದು ಮೀನನ್ನೂ ಅಂಗೈಯಲ್ಲಿ ಹಿಡಿದು ಫಿಲ್ಟರಿನ ಗಾಳಿಗುಳ್ಳೆಗಳ ಹತ್ತಿರ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಮಗುಚಿ ಬಿತ್ತು.

ಸಂಜೆ, ಬನ್ನಿ ಕೊಡಲು ಬೀದಿಯವರೆಲ್ಲ ಬಂದರು. ‘ಬನ್ನಿ ತಗಂಡು ಬಂಗಾರದಂಗಿರಾಣ್ರಿ’ ಎಂದು ಒಳಗೆ ಬಂದ ಪಕ್ಕದ ಮನೆಯಾಕೆಯ ಕಣ್ಣು ನೇರ ತೊಟ್ಟಿಯ ಮೇಲೆ ಬಿತ್ತು. ಆ ಹೊತ್ತಿಗೆ ಎಲ್ಲವೂ ಮೇಲೆ ತೇಲುತ್ತಿದ್ದವು.

‘ಅಯ್ಯೋ ಶಿವನೇ, ಹಬ್ಬದ ದಿನವೇ?’

ಅತ್ತೆ ತೊಟ್ಟಿಯ ಮುಂದೆ ಬಂದು ನಿಂತರು. ‘ನೆನ್ನೆ ಹೆಂಗೆ ಲಕಲಕ ಅಂತಿದ್ವು ರೀ. ಬೆಳಿಗ್ಗೆ ಈಯಮ್ಮ ಕೈ ಇಟ್ಲು ನೋಡ್ರಿ... ಕೈಗುಣ ಅಂತಾರಲ್ಲ, ಸುಮ್ನೆ ಅಂತಾರಾ?’

ಎಲ್ಲರೂ ಚಿಕ್ಕಮ್ಮನ ಕೈಗಳನ್ನು ನೋಡಿದರು. ಅವು ಇನ್ನೂ ಒದ್ದೆಯಿದ್ದವು. ಚಿಕ್ಕಮ್ಮ ಅಪ್ಪನ ಮುಖ ನೋಡಿದರು. ಅಪ್ಪ ಕೈಯಲ್ಲಿದ್ದ ಬನ್ನಿ ಎಲೆಗಳನ್ನು ನೋಡುತ್ತಿದ್ದರು.

ಆಗ ನಾನು ಮಾತಾಡಿದೆ. ‘ಚಿಕ್ಕಮ್ಮ ತೊಳೀಬೇಡ್ರಿ ಅಂದಿದ್ರು. ನೀವೇ ತೊಳೆದ್ರಿ. ಹೊಸ ನೀರಲ್ಲಿ ಮೀನು ಬದುಕಲ್ಲ ಅತ್ತೆ.’

ಅಷ್ಟು ಜನರೆದುರು, ಅಷ್ಟು ಉದ್ದದ ಮಾತನ್ನು ಅಮ್ಮ ಹೋದ ಮೇಲೆ ನಾನು ಆಡಿರಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ಅವರ ಕಣ್ಣು ತುಂಬಿತು. ಆಮೇಲೆ ಅಪ್ಪನ ಕಡೆ ತಿರುಗಿದರು. ‘ಕೇಳಿದ್ಯಾ ತಮ್ಮಾ? ಎತ್ತಿ ಆಡ್ಸಿದೋಳು ನಾನು. ನನ್ ಹತ್ರ ಒಂದು ಮಾತಾಡದ ಮಗ, ಇವತ್ತು ಊರವರ ಮುಂದೆ ನನ್ ಮ್ಯಾಲೆ ಬಾಯಿ ಬಿಡ್ತು. ಹೇಳಿಕೊಟ್ಟೋರು ಯಾರು ಅಂತ ನಾನೇನು ಕೇಳಲ್ಲ ಬಿಡು.’

‘ನಾನು ಹೇಳಿಕೊಟ್ಟಿಲ್ಲ ಅಕ್ಕ’ ಎಂದರು ಚಿಕ್ಕಮ್ಮ. ಅದನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅಪ್ಪ ನನಗೆ, ‘ನೀನು ಒಳಗೆ ಹೋಗು’ ಎಂದರು. ಚಿಕ್ಕಮ್ಮನಿಗೆ ಏನೂ ಹೇಳಲಿಲ್ಲ.

ಹೇಳಿದ್ದು ಮರುದಿನ. ‘ಒಂದ್ನಾಕು ದಿನ ಊರಿಗೆ ಹೋಗಿರು. ಅಕ್ಕನ ಮನಸ್ಸು ತಿಳಿಯಾಗ್ಲಿ. ಆಮ್ಯಾಲೆ ನಾನೇ ಬಂದು ಕರ್ಕಂಬರ್ತೀನಿ.’ ಚಿಕ್ಕಮ್ಮ ವಾದ ಮಾಡಲಿಲ್ಲ. ಬ್ಯಾಗು ತುಂಬಿ, ಹೊರಡುವ ಮುನ್ನ ತೊಟ್ಟಿಯ ಹತ್ತಿರ ನನ್ನನ್ನು ಕರೆದು, ‘ಗಿಡಗಳ ಕುತ್ತಿಗೆ ಬಿಡಿಸು. ಮೆಲ್ಲಗೆ ಮೇಲಕ್ಕೆ ಎಳಿ. ಒಂದೆರಡಾದ್ರೂ ಬದುಕ್ತಾವೆ’ ಎಂದರು. ನಾನು ಬಿಡಿಸಿದೆ. ಬದುಕಿದವೋ ಇಲ್ಲವೋ ತಿಳಿಯುವ ಮೊದಲೇ ಅಪ್ಪ ತೊಟ್ಟಿಯನ್ನು ಬರಿದು ಮಾಡಿ ಹಿತ್ತಲಿನ ಮೂಲೆಗಿಟ್ಟರು. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲವಂತೆ.

ನಮ್ಮ ಕಡೆ, ಹೀಗೆ ತವರಿಗೆ ಕಳಿಸಿದ ಹೆಂಗಸು ತಾನಾಗಿ ವಾಪಸು ಬರುವಂತಿಲ್ಲ. ಗಂಡನ ಮನೆಯವರು ಹೋಗಿ ಕರೆಯಬೇಕು. ದೀಪಾವಳಿಗೆ ಅಪ್ಪ ಹೋಗುತ್ತಾರೆ ಎಂದುಕೊಂಡೆ. ಅಂಗಿ ಇಸ್ತ್ರಿ ಮಾಡಿಟ್ಟುಕೊಂಡಿದ್ದರು ಕೂಡ. ಅತ್ತೆ ಹೋಗಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಆ ಒಂದು ಮಾತಿಗೆ ಕಾದು ಕಾದು ಸಂಕ್ರಾಂತಿಯಾಯಿತು, ಯುಗಾದಿಯಾಯಿತು... ಆಮೇಲೆ ಕರೆಯಲು ಹೋಗುವುದಕ್ಕೇ ನಾಚಿಕೆಯಾಗುವಷ್ಟು ಕಾಲ ಕಳೆದುಹೋಯಿತು. ಅತ್ತೆ ಹೊಸದುರ್ಗಕ್ಕೆ ವಾಪಸು ಹೋಗಲೇ ಇಲ್ಲ. ಯಾರೂ ಜಗಳವಾಡಲಿಲ್ಲ, ಯಾವ ಪಂಚಾಯಿತಿಯೂ ಸೇರಲಿಲ್ಲ. ನಾನು ಚಿತ್ರದುರ್ಗದ ಹಾಸ್ಟೆಲಿಗೆ ಹೋದೆ, ಆಮೇಲೆ ವಿಶ್ವವಿದ್ಯಾಲಯಕ್ಕೆ. ನಾನು ಅವತ್ತು ಬಾಯಿ ತೆರೆದದ್ದೇ ಅವರನ್ನು ಮನೆಯಿಂದ ಕಳಿಸಿತು ಎಂಬ ಯೋಚನೆ ಬಹಳ ವರ್ಷ ನನ್ನ ಜೊತೆಗಿತ್ತು. ಯಾರಿಗೂ ಅದನ್ನು ಹೇಳಿದವಳಲ್ಲ.

ಬೆರಳಿಗೆ ಎಲೆ ಅಂಟಿದ ಆ ವಾರದ ಭಾನುವಾರ ಹೊಳಲ್ಕೆರೆಯ ಬಸ್ಸು ಹತ್ತಿದೆ. ಅಡಿಕೆ ಮಂಡಿಯ ಹಿಂದಿನ ಬೀದಿ ಎಂಬುದಷ್ಟೇ ನೆನಪಿತ್ತು. ಪ್ರಾಣಿಶಾಸ್ತ್ರದ ಮೇಡಂ ಮನೆ ಎಂದು ಕೇಳಿದೆ. ಬಾಗಿಲು ತೆರೆದವರು ಅವರ ತಮ್ಮನ ಹೆಂಡತಿ.

‘ನಾನು ಹಿರಿಯೂರಿನವಳು. ಮೇಡಂ ನನಗೆ ಚಿಕ್ಕಮ್ಮ ಆಗ್ಬೇಕು.’

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ‘ಆ ಹುಡುಗೀನಾ ನೀವು? ಬರ್ರಿ, ಒಳಗೆ ಬರ್ರಿ. ಕುಂತ್ಕಳ್ರಿ.’ ನೀರು ತಂದುಕೊಟ್ಟು, ನಾನು ಕುಡಿಯುವ ತನಕ ಕಾದರು. ‘ನಿಮಗೆ ಹೇಳಿಲ್ವಾ? ಅಕ್ಕ ಹೋಗಿ ಎರಡು ವರ್ಸ ಆತಲ್ರಿ.’

ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ಮನೆಗೆ ಬಂದು ಎದೆ ಹಿಡಿದುಕೊಂಡು ಕೂತವರನ್ನು ಆಸ್ಪತ್ರೆ ಮುಟ್ಟಿಸಲಾಗಲಿಲ್ಲವಂತೆ. ನಾನು ಲೋಟವನ್ನು ಕೆಳಗಿಟ್ಟೆ. ‘ನಮಗೆ ಯಾರೂ ತಿಳಿಸಲಿಲ್ಲ’ ಎಂದೆ.

‘ಯಾಕ್ರಿ ಹಂಗಂತೀರಿ? ನಿಮ್ಮ ಅಪ್ಪಾಜಿ ಬಂದಿದ್ರಲ್ಲ. ದೂರ ನಿಂತಿದ್ರು. ಮಣ್ಣು ಹಾಕಿ, ನೀರೂ ಕುಡೀದಂಗೆ ಹೋದ್ರು.’

ಅವರೇ ಮಾತು ಮುಂದುವರಿಸಿದರು.

‘ಬಂದ ಹೊಸ್ತಾಗೆ ಬ್ಯಾಗೇ ಬಿಚ್ಚಿರ್ಲಿಲ್ಲ ರೀ ಅಕ್ಕ. ಉಡಾಕೆ ನನ್ ಸೀರೆ ಕೇಳೋಳು. ನಾಳೆ ಬರ್ತಾರೆ, ಹಬ್ಬ ಕಳೀಲಿ ಬರ್ತಾರೆ ಅನ್ನೋಳು. ನಮ್ಮನೆಯವರು, ನಾನೇ ಬಿಟ್ ಬರ್ತೀನಿ ಬಾ ಹೋಗಾಣ ಅಂದ್ರೆ, ಕರೀದೆ ಹೋದ್ರೆ ಇನ್ನೊಂದ್ಸಲ ಕಳಿಸ್ತಾರೆ ಅಂದ್ಲು. ಯಾರು ಬಂದು ಕರೆದಿದ್ರೂ ಹೋಗ್ತಿದ್ಲು ರೀ. ಚಿಕ್ಕ ಮಗ ಬಂದು ಕರೆದಿದ್ರೂ.’ ನಾನು ಕೆಳಗಿಟ್ಟ ಲೋಟವನ್ನು ಎತ್ತಿಕೊಂಡು, ‘ನಿಮ್ಮ ವಿಷಯ ಹೇಳ್ತಿದ್ಲು. ಅಷ್ಟು ಜನದಾಗೆ ನನ್ ಪರ ಬಾಯಿ ಬಿಟ್ಟಿದ್ದು ಆ ಮಗ ಒಂದೇ ಅನ್ನೋಳು. ಹೇಳಿ ಹೇಳಿ ನಮಗೆಲ್ಲ ಬಾಯಿಪಾಠ ಆಗೈತೆ’ ಎಂದರು.

ಗೋಡೆಯ ಮೇಲಿನ ಫೋಟೋದಲ್ಲಿ ಅವರು ದಪ್ಪ ಕನ್ನಡಕ ಹಾಕಿದ್ದರು. ನನಗೆ ಗೊತ್ತಿದ್ದ ಮುಖಕ್ಕೆ ಕನ್ನಡಕವಿರಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಅವರೇ ಎಂದು ಗೊತ್ತಾಯಿತು...

ಹೊರಟಾಗ ಆಕೆ ಗೇಟಿನ ತನಕ ಬಂದು, ಸ್ವಲ್ಪ ಹಿಂಜರಿದು ಹೇಳಿದರು. ‘ತಡವಾಗಿ ಕೇಳಿದ್ರೂ, ಸಾವಿನ ಸುದ್ದಿ ಕೇಳಿದ್ಮ್ಯಾಲೆ ತಲೆಗೆ ನೀರು ಹಾಕ್ಕಬೇಕು ಅಂತಾರೆ. ಸಂಬಂಧ ಇದ್ದೋರು ಮಾತ್ರ ಮತ್ತೆ. ನಿಮಗೆ ಸೂತಕ ಬರುತ್ತೋ ಇಲ್ಲೋ ನನಗೆ ತಿಳೀದು. ನೀವೇ ನೋಡ್ಕಳ್ರಿ.’

ಸಂಜೆ ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಹೊಳಲ್ಕೆರೆಗೆ ಹೋಗಿದ್ದೆ ಎಂದೆ. ಆ ಕಡೆ ಟಿವಿಯ ಸದ್ದು, ಅತ್ತೆಯ ಕೆಮ್ಮು ಕೇಳುತ್ತಿತ್ತು. ಅಪ್ಪ ಎದ್ದು ಹೊರಗೆ ಬಂದರೆಂದು ಕಾಣುತ್ತದೆ, ಸದ್ದು ಕಡಿಮೆಯಾಯಿತು.

‘ನನಗೆ ಯಾಕೆ ಹೇಳಲಿಲ್ಲ?’

‘ಹೇಳಿ ಏನ್ ಮಾಡ್ಲಿ ಮಗಳೇ. ಮುಗಿದಿದ್ದು.’

‘ನೀವು ಸ್ನಾನ ಮಾಡಿದ್ರಾ ಅಪ್ಪಾ?’

‘ಬರ್ತಾ ದಾರ್‍ಯಾಗೆ ಕಾಲುವೇಲಿ ಮುಳುಗಿ ಬಂದೆ. ಮನೇಲಿ ಮಾಡಿದ್ರೆ ಅಕ್ಕ ಯಾಕೆ ಅಂತ ಕೇಳ್ತಾಳೆ’ ಎಂದರು. ಆಮೇಲೆ, ‘ನಿನಗೆ ಅದೆಲ್ಲ ಬರಲ್ಲ ಬಿಡು’ ಎಂದು ಸೇರಿಸಿದರು.

ನಾನು ಸರಿ ಎಂದು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಎದ್ದು, ಒಲೆ ಹಚ್ಚುವ ಮೊದಲೇ ಬಚ್ಚಲಿಗೆ ಹೋಗಿ, ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡೆ. ಕೂದಲಿನಿಂದ ನೀರು ಇಳಿಯುತ್ತಿರುವಾಗಲೇ ಕಚೇರಿಗೆ ಫೋನ್ ಮಾಡಿ ರಜೆ ಕೇಳಿದೆ. ಮನೆಯಲ್ಲೊಂದು ಸಾವಾಗಿದೆ ಎಂದೆ. ‘ಹತ್ತಿರದವರಾ?’ ಎಂದು ಕೇಳಿದರು. ಹೌದು ಎಂದೆ.